ದುಬಾರಿ ಎಲೆಯ ನಿಜವಾದ ಬೆಲೆ

ರಮ್ಮಿ ಆಡುವಾಗ ನಿಮ್ಮ ಕೈಗೆ ಜೋಕರ್ ಬಂದರೆ ಅದಕ್ಕಾಗಿ ನೀವು ಯಾರಿಗೂ ಏನನ್ನೂ ತೆರಬೇಕಾಗಿಲ್ಲ. ಆಸು, ರಾಜ, ರಾಣಿ, ಗುಲಾಮ ಇವುಗಳಲ್ಲಿ ಯಾವುದು ಬರುತ್ತದೆ ಎನ್ನುವುದು ಕಲೆಸಿದವರ ಕೈ ಮತ್ತು ನಿಮ್ಮ ಅದೃಷ್ಟ. ಇಸ್ಪೀಟಿನ ಎಲೆಗೆ ಮೌಲ್ಯ ಉಂಟು, ಬೆಲೆ ಇಲ್ಲ. ಎಲೆಯ ಮೂಲೆಯಲ್ಲಿಯೇ ಬೆಲೆಯನ್ನು ಅಚ್ಚು ಹಾಕಿ ‘ಇದು ಬೇಕಿದ್ದರೆ ಇಷ್ಟು ತೆರು’ ಎನ್ನುವ ಆಟಗಳು ಲೋಕಪ್ರಿಯವಾದದ್ದು 1993ರಿಂದ ಈಚೆಗೆ. ಆಡುತ್ತ ಆಡುತ್ತಲೇ ಎಲೆಗಳನ್ನು ಕೊಂಡು ತಮ್ಮ ಕಟ್ಟನ್ನು ತಾವೇ ಬೆಳೆಸಿಕೊಳ್ಳುವ ಆಟಗಳು ಬಂದದ್ದು ಅದಕ್ಕೂ ಹದಿನೈದು ವರ್ಷಗಳ ನಂತರ. ಕಟ್ಟು ಕಟ್ಟುವ ಆಟಗಳೆಂದು ಇವನ್ನು ಕರೆಯೋಣ. ಇವುಗಳಲ್ಲಿ ದುಬಾರಿ ಎಲೆಯನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಯಾವಾಗ ಎಂಬ ಪ್ರಶ್ನೆಯಲ್ಲಿ ಪ್ರೌಢಶಾಲೆಯ ಸರಾಸರಿ ಲೆಕ್ಕವೂ ಪಿಯುಸಿಯ ವಿಕಲ್ಪಗಳ ಪಾಠವೂ ಅಡಗಿವೆ.

ನಾನು ಇದನ್ನು ಕಲಿತದ್ದು ಸೋತು. ಒಂದು ಬೇಸಿಗೆ ರಜೆಯಲ್ಲಿ ಮನೆಗೆ ಬಂದ ತಂಗಿಯ ಮಗಳು ‘ಡೊಮಿನಿಯನ್’ ಎಂಬ ಆಟದ ಪೆಟ್ಟಿಗೆಯನ್ನು ತಂದಿದ್ದಳು. ಅದರಲ್ಲಿ ಹಣದ ಎಲೆಗಳು ಮೂರು ಬಗೆ. ತಾಮ್ರದ ಬೆಲೆ ಸೊನ್ನೆ, ಅದು ಕೊಡುವುದು 1 ನಾಣ್ಯ. ಬೆಳ್ಳಿಯ ಬೆಲೆ 3, ಕೊಡುವುದು 2. ಚಿನ್ನದ ಬೆಲೆ 6, ಕೊಡುವುದು 3. ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಒಂದು ನಾಣ್ಯದ ಆದಾಯಕ್ಕೆ ಬೆಳ್ಳಿಯಲ್ಲಿ ಒಂದೂವರೆ ನಾಣ್ಯ ಖರ್ಚು, ಚಿನ್ನದಲ್ಲಿ ಎರಡು. ಹಾಗಾದರೆ ಬೆಳ್ಳಿಯೇ ಲಾಭವಲ್ಲವೇ? ಬೆಳ್ಳಿಯ ಮೇಲೆ ಬೆಳ್ಳಿ ಕೊಂಡೆ. ನಾಲ್ಕು ಆಟ ಆಡಿ ನಾಲ್ಕನ್ನೂ ಸೋತೆ. ಹುಡುಗಿ ಎಲೆಗಳನ್ನು ಜೋಡಿಸುತ್ತ, “ಮಾವ, ನಿಮ್ಮ ಲೆಕ್ಕವೇನೋ ಸರಿ. ಆದ್ರೆ ಒಂದು ಸಲಕ್ಕೆ ಕೈಗೆ ಬರೋದು ಐದೇ ಎಲೆ ಅಲ್ವಾ?” ಎಂದಳು. ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದವನಿಗೆ ಆ ಮಾತು ಅರ್ಥವಾಗಲು ಒಂದು ರಾತ್ರಿ ಹಿಡಿಯಿತು. ಆ ರಾತ್ರಿ ಮಾಡಿದ ಲೆಕ್ಕವನ್ನು ನಿಮ್ಮ ಮುಂದಿಡುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಣಿತದ ಮೇಷ್ಟರ ಆಟ

1991ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಕಲ್ಪ ಗಣಿತದ ಸಂಶೋಧನಾ ವಿದ್ಯಾರ್ಥಿ. ಹೆಸರಾಂತ ಗಣಿತಜ್ಞ ಹರ್ಬರ್ಟ್ ವಿಲ್ಫ್ ಆತನ ಮಾರ್ಗದರ್ಶಕರು. ತಾನು ರೂಪಿಸಿದ್ದ ‘ರೋಬೋರ್‍ಯಾಲಿ’ ಎಂಬ ಹಲಗೆಯಾಟವನ್ನು ಹಿಡಿದುಕೊಂಡು ಆತ, ಸಿಯಾಟಲ್ ಬಳಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಪುಟ್ಟ ಪ್ರಕಾಶನ ನಡೆಸುತ್ತಿದ್ದ ಪೀಟರ್ ಆಡ್ಕಿಸನ್ ಅವರ ಬಳಿಗೆ ಹೋದ. ಆಟ ಚೆನ್ನಾಗಿದೆ, ಆದರೆ ತಯಾರಿಕೆಗೆ ದುಬಾರಿ. ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ, ಬೇಗ ಮುಗಿಯುವ, ಕಡಿಮೆ ಖರ್ಚಿನ ಆಟವಿದ್ದರೆ ಕೊಡಿ ಎಂಬುದು ಅವರಿಗೆ ಬೇಕಾಗಿದ್ದದ್ದು. ಅದಕ್ಕೆ ಉತ್ತರವಾಗಿ ಹುಟ್ಟಿದ್ದೇ ‘ಮ್ಯಾಜಿಕ್: ದ ಗ್ಯಾದರಿಂಗ್’. 1993ರ ಆಗಸ್ಟ್‌ನಲ್ಲಿ ಅದು ಮಾರುಕಟ್ಟೆಗೆ ಬಂತು. ಗಾರ್ಫೀಲ್ಡ್ ಡಾಕ್ಟರೇಟ್ ಪಡೆದದ್ದೂ ಅದೇ ವರ್ಷ.

ಮ್ಯಾಜಿಕ್ ಆಟದಲ್ಲಿ ಪ್ರತಿಯೊಬ್ಬನೂ ಮನೆಯಿಂದಲೇ ತನ್ನ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಅದರಲ್ಲಿ ಒಂದಿಷ್ಟು ‘ನೆಲ’ದ ಎಲೆಗಳು, ಮಿಕ್ಕವು ಮಂತ್ರಗಳು, ಪ್ರಾಣಿಗಳು. ಒಂದು ಸರದಿಯಲ್ಲಿ ಒಂದೇ ನೆಲವನ್ನು ಹಾಕಬಹುದು. ಪ್ರತಿ ನೆಲವೂ ಸರದಿಗೆ ಒಂದರಂತೆ ‘ಮಾನಾ’ ಎಂಬ ಶಕ್ತಿಯನ್ನು ಕೊಡುತ್ತದೆ. ಎಲೆಯ ಬೆಲೆಯನ್ನು ತೆರುವುದು ಆ ಶಕ್ತಿಯಲ್ಲಿ. ಬಳಸದ ಶಕ್ತಿ ಮುಂದಿನ ಸರದಿಗೆ ಉಳಿಯುವುದಿಲ್ಲ.

ಈಗ ಆರು ಮಾನಾ ಬೆಲೆಯ ಒಂದು ದೈತ್ಯ ಪ್ರಾಣಿಯನ್ನು ಯೋಚಿಸಿ. ಹೊಸಬರಿಗೆ ಇಂಥ ಎಲೆ ಎಂದರೆ ಪ್ರಾಣ. ಸರದಿಗೊಂದು ನೆಲ ಹಾಕಿದರೆ ಆರನೆಯ ಸರದಿಗೆ ಅದು ರಂಗಕ್ಕೆ ಇಳಿಯುತ್ತದೆ ಎಂದು ಅವರ ಎಣಿಕೆ. ಲೆಕ್ಕ ಹಾಗಿಲ್ಲ. 60 ಎಲೆಗಳ ಕಟ್ಟಿನಲ್ಲಿ 24 ನೆಲಗಳಿವೆ ಎನ್ನಿ. ಅಂದರೆ ಹತ್ತು ಎಲೆಗೆ ನಾಲ್ಕು. ಸರಾಸರಿ 6 ನೆಲಗಳು ಸಿಗಬೇಕಾದರೆ 15 ಎಲೆಗಳು ಕೈಗೆ ಬಂದಿರಬೇಕು. ಆರಂಭದಲ್ಲಿ 7 ಎಲೆ, ಆಮೇಲೆ ಸರದಿಗೊಂದು. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಎಲೆ ಎಳೆಯುವ ಅವಕಾಶವಿಲ್ಲ. ಹಾಗಾಗಿ 15 ಎಲೆ ಆಗುವುದು ಒಂಬತ್ತನೆಯ ಸರದಿಗೆ! ಅಷ್ಟು ಹೊತ್ತು ದೈತ್ಯ ಕೈಯಲ್ಲೇ ನಿದ್ರಿಸುತ್ತಿರುತ್ತಾನೆ. ಎದುರಾಳಿಯ ಬಳಿ 1 ಮಾನಾಕ್ಕೆ 3 ಪೆಟ್ಟು ಕೊಡುವ ‘ಲೈಟ್ನಿಂಗ್ ಬೋಲ್ಟ್’ನಂಥ ಅಗ್ಗದ ಎಲೆಗಳಿದ್ದರೆ, ನಿಮ್ಮ 20 ಪ್ರಾಣಾಂಕಗಳು ಅಷ್ಟರೊಳಗೆ ಕರಗಿರಲೂಬಹುದು.

ಇದನ್ನು ಆಟಗಾರರು ನಿಧಾನವಾಗಿ ಕಂಡುಕೊಂಡರು. 1996ರಲ್ಲಿ ಪಾಲ್ ಸ್ಲೈ ಎಂಬ ಆಟಗಾರ, ಜೇ ಶ್ನೈಡರ್ ರೂಪಿಸಿದ ಕಟ್ಟೊಂದನ್ನು ಅಟ್ಲಾಂಟಾದ ಸ್ಪರ್ಧೆಯಲ್ಲಿ ಆಡಿ ಎಲ್ಲರ ಗಮನ ಸೆಳೆದ. ಅದರಲ್ಲಿದ್ದದ್ದು ಬಹುಪಾಲು ಯಾರೂ ಮೂಸದ ಅಗ್ಗದ ಕೆಂಪು ಎಲೆಗಳು. ಆದರೆ ಮೊದಲ ಸರದಿಗೆ ಒಂದರ ಬೆಲೆಯದು, ಎರಡನೆಯದಕ್ಕೆ ಎರಡರದು, ಹೀಗೆ ಯಾವ ಸರದಿಯ ಶಕ್ತಿಯೂ ವ್ಯರ್ಥವಾಗದಂತೆ ಅವನ್ನು ಆರಿಸಲಾಗಿತ್ತು. ಬೆಲೆಗಳ ಈ ಹಂಚಿಕೆಗೆ ‘ಮಾನಾ ವಕ್ರರೇಖೆ’ ಎಂಬ ಹೆಸರು ನಿಂತಿತು. ಮ್ಯಾಜಿಕ್ ಆಟದಲ್ಲಿ ದುಬಾರಿ ಎಲೆಗೆ ತೆರುವ ನಿಜವಾದ ಬೆಲೆ ಶಕ್ತಿಯಲ್ಲ, ಕಾಲ.

ಬೆಲೆಗಳನ್ನು ಗೊತ್ತುಮಾಡುವುದರಲ್ಲಿ ಗಾರ್ಫೀಲ್ಡ್ ಸಹ ಎಡವಿದ್ದುಂಟು. ‘ಬ್ಲ್ಯಾಕ್ ಲೋಟಸ್’ ಎಂಬ ಎಲೆಯ ಬೆಲೆ ಸೊನ್ನೆ. ಅದು ಕೊಡುವುದು ಒಮ್ಮೆಲೇ 3 ಮಾನಾ. ಎಂದರೆ ಮೂರು ಸರದಿಗಳಷ್ಟು ಕಾಲ ಪುಕ್ಕಟೆ. ಇಂಥ ಎಲೆಗಳು ವಿರಳವಾಗಿರುವುದರಿಂದ ಒಂದು ಊರಿಗೆ ಒಂದೋ ಎರಡೋ ಇದ್ದಾವು ಎಂಬುದು ಆತನ ಊಹೆ. ಜನ ಸಾಮಾನ್ಯ ಆಟವೊಂದಕ್ಕೆ ಕೊಡುವಷ್ಟೇ ಹಣವನ್ನು ಇದಕ್ಕೂ ಕೊಡುತ್ತಾರೆಂದು ಆತ ನಂಬಿದ್ದ. ಆದರೆ ಮುಚ್ಚಿದ ಪೊಟ್ಟಣಗಳಲ್ಲಿ ಯಾವ ಎಲೆ ಇದೆಯೋ ತಿಳಿಯದೆ ಜನ ಪೊಟ್ಟಣದ ಮೇಲೆ ಪೊಟ್ಟಣ ಕೊಂಡರು. 1994ರಲ್ಲಿ ಒಂದೇ ಎಲೆಯ ನಾಲ್ಕಕ್ಕಿಂತ ಹೆಚ್ಚು ಪ್ರತಿಗಳನ್ನು ಬಳಸಬಾರದು, ಲೋಟಸ್‌ನಂಥವು ಕಟ್ಟಿಗೆ ಒಂದೇ ಎಂದು ಸ್ಪರ್ಧೆಗಳಲ್ಲಿ ನಿಯಮ ತರಬೇಕಾಯಿತು. ಆಟದೊಳಗೆ ಪುಕ್ಕಟೆಯಾದ ಆ ಎಲೆಯ ಮೊದಲ ಮುದ್ರಣದ ಪ್ರತಿಯೊಂದು 2021ರ ಜನವರಿಯಲ್ಲಿ 5 ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ಎರಡು ಬಗೆಯ ‘ದುಬಾರಿ’ಗಳು ಇಲ್ಲಿ ಬೆರೆತುಹೋಗಿದ್ದವು: ಮೇಜಿನ ಮೇಲಿನ ದುಬಾರಿ ಮತ್ತು ಅಂಗಡಿಯ ದುಬಾರಿ. ಜೇಬು ತುಂಬಿದವನ ಕಟ್ಟು ಆಟ ಶುರುವಾಗುವ ಮೊದಲೇ ಅರ್ಧ ಗೆದ್ದಿರುತ್ತಿತ್ತು. ಆಟವೆಂಬ ದೃಷ್ಟಿಯಿಂದ ಇದು ನನಗೆ ದೋಷವಾಗಿಯೇ ಕಾಣುತ್ತದೆ.

ಅಂಗಡಿ ಮೇಜಿಗೆ ಬಂತು

ಈ ತೊಡಕನ್ನು ಬಿಡಿಸಿದ್ದು ಡೊನಾಲ್ಡ್ ಎಕ್ಸ್. ವ್ಯಾಕರಿನೊ ಎಂಬ ಅಮೆರಿಕದ ಆಟ ರಚನಕಾರ. ಆತನ ಡೊಮಿನಿಯನ್ ಪ್ರಕಟವಾದದ್ದು 2008ರಲ್ಲಿ. ಮರುವರ್ಷ ಅದು ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿಯನ್ನು ಪಡೆಯಿತು. ಇಲ್ಲಿ ಯಾರೂ ಮನೆಯಿಂದ ಕಟ್ಟು ತರುವುದಿಲ್ಲ. ಎಲ್ಲರೂ ಒಂದೇ ತೆರನಾದ 10 ಎಲೆಗಳಿಂದ ಆರಂಭಿಸುತ್ತಾರೆ: 7 ತಾಮ್ರ, 3 ಎಸ್ಟೇಟ್. ಮೇಜಿನ ನಡುವೆ ಎಲ್ಲರಿಗೂ ಸೇರಿದ ಅಂಗಡಿ. ಅದರಲ್ಲಿ ಹಣದ ಎಲೆಗಳೂ ಅಂಕದ ಎಲೆಗಳೂ ಇರುತ್ತವೆ. ಜೊತೆಗೆ ಮೊದಲ ಪೆಟ್ಟಿಗೆಯಲ್ಲಿದ್ದ, ಬಹುಪಾಲು ಕಾರ್ಯದವೇ ಆದ 25 ಬಗೆಯ ಎಲೆಗಳಲ್ಲಿ ಆ ಆಟಕ್ಕೆಂದು ಆರಿಸಿದ 10 ಬಗೆ. (25ರಿಂದ 10ನ್ನು ಎಷ್ಟು ವಿಧದಲ್ಲಿ ಆರಿಸಬಹುದು? ವಿದ್ಯಾರ್ಥಿಗಳು ಮಾಡಿ ನೋಡಲಿ, ಉತ್ತರ 32,68,760.) ಕೈಗೆ 5 ಎಲೆ ಬರುತ್ತವೆ. ಅವುಗಳಲ್ಲಿನ ನಾಣ್ಯಗಳಿಂದ ಸಾಮಾನ್ಯವಾಗಿ ಒಂದು ಎಲೆಯನ್ನು ಕೊಳ್ಳಬಹುದು. ಕೊಂಡದ್ದನ್ನೂ ಬಳಸಿದ್ದನ್ನೂ ಪಕ್ಕಕ್ಕೆ ಹಾಕಿ ಮತ್ತೆ 5 ಎಲೆ ಎಳೆಯಬೇಕು. ಕಟ್ಟು ಮುಗಿದಾಗ ಪಕ್ಕಕ್ಕೆ ಹಾಕಿದ್ದನ್ನೆಲ್ಲ ಕಲೆಸಿ ಮತ್ತೆ ಕಟ್ಟು ಮಾಡಿಕೊಳ್ಳಬೇಕು. ಮ್ಯಾಜಿಕ್‌ನಲ್ಲಿ ಎಲೆಯನ್ನು ಬಳಸಿದಾಗಲೆಲ್ಲ ಬೆಲೆ ತೆರಬೇಕು. ಇಲ್ಲಿ ತೆರುವುದು ಒಮ್ಮೆ, ಹೊರುವುದು ಆಟ ಮುಗಿಯುವ ತನಕ.

ಗೆಲ್ಲುವುದು ಅಂಕಗಳಿಂದ. ಎಸ್ಟೇಟಿಗೆ 2 ನಾಣ್ಯ, 1 ಅಂಕ. ಡಚಿಗೆ 5 ನಾಣ್ಯ, 3 ಅಂಕ. ಪ್ರಾಂತ್ಯಕ್ಕೆ 8 ನಾಣ್ಯ, 6 ಅಂಕ. ಹಸಿರು ಬಣ್ಣದ ಈ ಎಲೆಗಳು ಕೊನೆಯಲ್ಲಿ ಅಂಕ ಕೊಡುತ್ತವೆಯೇ ಹೊರತು ಆಟದ ನಡುವೆ ಕೈಗೆ ಬಂದಾಗ ಒಂದು ನಾಣ್ಯವನ್ನೂ ಕೊಡುವುದಿಲ್ಲ. ಐದರಲ್ಲಿ ಒಂದು ಸ್ಥಾನವನ್ನು ಸುಮ್ಮನೆ ಆಕ್ರಮಿಸಿಕೊಂಡು ಕೂರುತ್ತವೆ. ಗೆಲುವಿಗೆ ಬೇಕಾದ ಎಲೆಯೇ ನಡಿಗೆಗೆ ತೊಡಕು! ಈ ಆಟದ ಜಾಣ್ಮೆಯೆಲ್ಲ ಇದರಲ್ಲಿದೆ ಎಂದು ನನ್ನ ಅಭಿಪ್ರಾಯ.

ಈಗ ಆ ರಾತ್ರಿಯ ಲೆಕ್ಕ. ಪ್ರಾಂತ್ಯಕ್ಕೆ 8 ನಾಣ್ಯ ಬೇಕು. ಕೈಯಲ್ಲಿ 5 ಎಲೆ. ಎಂದರೆ ಎಲೆಯೊಂದಕ್ಕೆ ಸರಾಸರಿ 8/5 = 1.6 ನಾಣ್ಯ. 7 ನಾಣ್ಯ ಬಂದರೆ ಪ್ರಾಂತ್ಯ ಸಿಗದು. ಮಿಕ್ಕದ್ದನ್ನು ಮುಂದಿನ ಸರದಿಗೆ ಕೂಡಿಡುವಂತೆಯೂ ಇಲ್ಲ. ದ್ಯುತಿವಿದ್ಯುತ್ ಪರಿಣಾಮವನ್ನು ಓದಿದವರಿಗೆ ಇದು ಪರಿಚಿತ. ಹೊಸ್ತಿಲು ಆವೃತ್ತಿಗಿಂತ ಕೆಳಗಿನ ಬೆಳಕನ್ನು ಎಷ್ಟು ಹೊತ್ತು ಸುರಿದರೂ ಇಲೆಕ್ಟ್ರಾನ್ ಹೊರಬರುವುದಿಲ್ಲ, ಅಲ್ಲವೇ? ಹಾಗೆಯೇ ಇಲ್ಲಿ 1.6 ಒಂದು ಹೊಸ್ತಿಲು. ಪ್ರತಿ ಎಲೆಯನ್ನೂ ಈ ಹೊಸ್ತಿಲಿನಿಂದ ಅಳೆಯೋಣ.

ಎಸ್ಟೇಟ್ ಕೊಡುವುದು 0, ಹೊಸ್ತಿಲಿಗಿಂತ 1.6 ಕಡಿಮೆ. ತಾಮ್ರ ಕೊಡುವುದು 1, ಹೊಸ್ತಿಲಿಗಿಂತ 0.6 ಕಡಿಮೆ. ಆರಂಭದ ಕಟ್ಟಿನಲ್ಲಿ 3 ಎಸ್ಟೇಟುಗಳಿಂದ 4.8, 7 ತಾಮ್ರಗಳಿಂದ 4.2, ಒಟ್ಟು 9ರಷ್ಟು ಸಾಲ. ಇದನ್ನು ತೀರಿಸಿದಾಗಲೇ ಕಟ್ಟಿನ ಸರಾಸರಿ 1.6ಕ್ಕೆ ಏರುವುದು. ಬೆಳ್ಳಿ ಹೊಸ್ತಿಲಿಗಿಂತ 0.4 ಮೇಲಿದೆ. 9ನ್ನು 0.4ರಿಂದ ಭಾಗಿಸಿ: 22.5. ಎಂದರೆ 23 ಬೆಳ್ಳಿ! ಚಿನ್ನ ಹೊಸ್ತಿಲಿಗಿಂತ 1.4 ಮೇಲಿದೆ. 9ನ್ನು 1.4ರಿಂದ ಭಾಗಿಸಿದರೆ 6.4, ಏಳು ಚಿನ್ನ ಸಾಕು. 23 ಬೆಳ್ಳಿಗೆ ತೆರಬೇಕಾದದ್ದು 69 ನಾಣ್ಯ, 23 ಸರದಿ. 7 ಚಿನ್ನಕ್ಕೆ 42 ನಾಣ್ಯ, 7 ಸರದಿ. ಅಗ್ಗವೆಂದು ನಾನು ಕೊಂಡದ್ದೇ ದುಬಾರಿಯಾಗಿತ್ತು. ಬೆಲೆ ಎರಡು ಪಟ್ಟು, ಪ್ರಯೋಜನ ಮೂರೂವರೆ ಪಟ್ಟು. ಐದೇ ಸ್ಥಾನಗಳಿರುವ ಕೈಯಲ್ಲಿ ನಾಣ್ಯಕ್ಕಿಂತ ಸ್ಥಾನವೇ ದುರ್ಲಭ ವಸ್ತು ಎಂಬುದು ಹುಡುಗಿಯ ಮಾತಿನ ಅರ್ಥ.

ಹಾಗಾದರೆ ಮೊದಲಿನಿಂದಲೇ ಚಿನ್ನ ಕೊಳ್ಳಬಾರದೇಕೆ? ಕೊಳ್ಳಲಾಗದು. ಮೊದಲ ಎರಡು ಸರದಿಗಳಲ್ಲಿ 10 ಎಲೆಗಳೂ ಐದೈದಾಗಿ ಕೈಗೆ ಬಂದು ಹೋಗುತ್ತವೆ. 7 ತಾಮ್ರಗಳು 4 ಮತ್ತು 3 ಆಗಿ ಹಂಚಿಹೋಗುವ ಸಂಭವನೀಯತೆ ಆರರಲ್ಲಿ ಐದು; 5 ಮತ್ತು 2 ಆಗುವುದು ಆರರಲ್ಲಿ ಒಂದು. ಆರು ನಾಣ್ಯ ಎಂದೂ ಬರುವುದಿಲ್ಲ. 4–3 ಬಂದವರು ಎರಡು ಬೆಳ್ಳಿ ಕೊಂಡರು ಎನ್ನಿ. ಈಗ 12 ಎಲೆ, 11 ನಾಣ್ಯ. ಐದು ಎಲೆಯ ಕೈಯ ಸರಾಸರಿ 4.58. ಚಿನ್ನಕ್ಕೆ ಇನ್ನೂ ದೂರವೆಂದು ಕಾಣುತ್ತದೆ. ಆದರೆ ಸರಾಸರಿಯೇ ಎಲ್ಲವೂ ಅಲ್ಲ, ಅದರ ಸುತ್ತ ಏರಿಳಿತ ಉಂಟು. 12ರಿಂದ 5 ಎಲೆಗಳನ್ನು 792 ವಿಧಗಳಲ್ಲಿ ಎಳೆಯಬಹುದು. ಅವುಗಳಲ್ಲಿ 168ರಲ್ಲಿ ಆರು ಅಥವಾ ಹೆಚ್ಚು ನಾಣ್ಯಗಳಿವೆ. ಸುಮಾರು ಐದರಲ್ಲಿ ಒಂದು ಸಲ ಚಿನ್ನ ಸಿಕ್ಕೀತು. ಬೆಳ್ಳಿ ಮೆಟ್ಟಿಲು, ಅಲ್ಲೇ ಮನೆ ಕಟ್ಟಿಕೊಂಡದ್ದು ನನ್ನ ತಪ್ಪು.

ಸಾಲದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಒಂದು ಎಸ್ಟೇಟನ್ನು ಕಟ್ಟಿನಿಂದ ಶಾಶ್ವತವಾಗಿ ತೆಗೆದುಹಾಕಿದರೆ 1.6ರಷ್ಟು ಸಾಲ ತೀರುತ್ತದೆ. ಇದು ಒಂದು ಚಿನ್ನವನ್ನು ಸೇರಿಸಿದ್ದಕ್ಕಿಂತ ಹೆಚ್ಚು! ಕಾರ್ಯದ ಎಲೆಗಳಲ್ಲಿ ‘ಚಾಪೆಲ್’ ಎಂಬುದೊಂದಿದೆ. ಅದರ ಬೆಲೆ ಬರೀ 2. ಕೈಗೆ ಬಂದಾಗ ನಾಲ್ಕು ಎಲೆಗಳವರೆಗೆ ಕಿತ್ತು ಹಾಕಬಹುದು. 3 ಎಸ್ಟೇಟ್, 4 ತಾಮ್ರ ತೆಗೆದು 3 ತಾಮ್ರ, 1 ಚಾಪೆಲ್ ಉಳಿಸಿಕೊಂಡವನಿಗೆ ಮೂರೇ ಚಿನ್ನ ಸಾಕು: 7 ಎಲೆಗಳಲ್ಲಿ 12 ನಾಣ್ಯ, ಸರಾಸರಿ 1.71. ಮೊದಲ ಪೆಟ್ಟಿಗೆಯ ಅತ್ಯಂತ ಬಲಶಾಲಿ ಎಲೆಗಳ ಸಾಲಿನಲ್ಲಿ ಆಟಗಾರರು ಈ ಅಗ್ಗದ ಚಾಪೆಲನ್ನು ಇಟ್ಟದ್ದು ಸುಮ್ಮನೆ ಅಲ್ಲ. ಇದಕ್ಕೆ ವಿರುದ್ಧ ಉದಾಹರಣೆ ‘ಅಡ್ವೆಂಚರರ್’. ಮೊದಲ ಪೆಟ್ಟಿಗೆಯ ಕಾರ್ಯದ ಎಲೆಗಳಲ್ಲಿ 6 ನಾಣ್ಯದ ಬೆಲೆ ಇದ್ದದ್ದು ಅದೊಂದಕ್ಕೇ. ಕಟ್ಟಿನಿಂದ ಎರಡು ಹಣದ ಎಲೆಗಳನ್ನು ಹುಡುಕಿ ತರುವುದು ಅದರ ಕೆಲಸ. ತಂದದ್ದು ಎರಡು ತಾಮ್ರವಾದರೆ ಆದಾಯ 2 ನಾಣ್ಯ. ಅದೇ ಬೆಲೆಗೆ ಪಕ್ಕದಲ್ಲೇ 3 ನಾಣ್ಯ ಕೊಡುವ ಚಿನ್ನ ಕುಳಿತಿರುವಾಗ ಅದನ್ನು ಕೊಳ್ಳುವವರಾರು? 2016ರ ಎರಡನೆಯ ಆವೃತ್ತಿಯಲ್ಲಿ ಕೈಬಿಟ್ಟ ಆರು ಎಲೆಗಳಲ್ಲಿ ಅಡ್ವೆಂಚರರ್ ಒಂದು.

ಇಷ್ಟೆಲ್ಲ ಲೆಕ್ಕ ಹಾಕಿ ಮರುದಿನ ಮತ್ತೆ ಕುಳಿತೆ. ಚಿನ್ನದ ಮೇಲೆ ಚಿನ್ನ ಕೊಂಡೆ. ಮತ್ತೆ ಸೋತೆ! ಇಬ್ಬರ ಆಟದಲ್ಲಿ ಇರುವುದು 8 ಪ್ರಾಂತ್ಯ. ಅವು ಮುಗಿದರೆ ಆಟವೂ ಮುಗಿಯಿತು. ನಾನು ಕಟ್ಟನ್ನು ಪುಷ್ಟಗೊಳಿಸುತ್ತಿದ್ದಾಗ ಹುಡುಗಿ ಅರೆಪುಷ್ಟ ಕಟ್ಟಿನಿಂದಲೇ ಪ್ರಾಂತ್ಯಗಳನ್ನು ಎತ್ತಿಕೊಳ್ಳತೊಡಗಿದ್ದಳು. ಪ್ರಾಂತ್ಯ ಕೊಂಡಾಗಲೆಲ್ಲ ಆಕೆಯ ಸಾಲ 1.6 ಏರುತ್ತಿತ್ತು ನಿಜ. ಆದರೆ ಚಿನ್ನದ ಉಪಯೋಗ ಅದು ಇನ್ನೆಷ್ಟು ಸಲ ಕೈಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಕಟ್ಟಿನಲ್ಲಿ 20 ಎಲೆಗಳಿದ್ದರೆ ಒಂದು ಎಲೆ ಸರಾಸರಿ ನಾಲ್ಕು ಸರದಿಗೊಮ್ಮೆ ಬರುತ್ತದೆ. ಆಟ ಇನ್ನು ನಾಲ್ಕೇ ಸರದಿ ಇದೆ ಎನ್ನುವಾಗ ಕೊಂಡ ಚಿನ್ನ ಬಂದರೆ ಒಮ್ಮೆ, ಬರದಿದ್ದರೆ ಇಲ್ಲ. ಆ ಹೊತ್ತಿನಲ್ಲಿ 5 ನಾಣ್ಯದ ಡಚಿ, 2 ನಾಣ್ಯದ ಎಸ್ಟೇಟ್ ಸಹ ಚಿನ್ನಕ್ಕಿಂತ ಮೇಲು. ಮೊದಲ ಸರದಿಯ ಕಸ ಕೊನೆಯ ಸರದಿಯಲ್ಲಿ ರಸವಾಗುತ್ತದೆ.

ಹೊಸ್ತಿಲು ಏರಿದಾಗ

2010ರಲ್ಲಿ ಬಂದ ‘ಪ್ರಾಸ್ಪೆರಿಟಿ’ ಎಂಬ ವಿಸ್ತರಣೆಯಲ್ಲಿ ವ್ಯಾಕರಿನೊ ಬೆಲೆಗಳ ಏಣಿಗೆ ಎರಡು ಮೆಟ್ಟಿಲು ಸೇರಿಸಿದ. ಪ್ಲಾಟಿನಮ್‌ಗೆ 9 ನಾಣ್ಯ, ಅದು ಕೊಡುವುದು 5. ಕಾಲನಿಗೆ 11 ನಾಣ್ಯ, ಅಂಕ 10. ಹೊಸ್ತಿಲು ಈಗ 11/5 = 2.2. ಕೂಡಲೇ ಬೆಳ್ಳಿ ಹೊಸ್ತಿಲಿನ ಕೆಳಗೆ ಬಿತ್ತು. ಐದೂ ಬೆಳ್ಳಿ ಬಂದರೂ ಹತ್ತೇ ನಾಣ್ಯ. ಆರಂಭದ ಕಟ್ಟಿನ ಸಾಲ 15ಕ್ಕೆ ಏರಿತು. ಅದನ್ನು ಬರೀ ಚಿನ್ನದಿಂದ ತೀರಿಸಲು 19 ಬೇಕು. ಪ್ಲಾಟಿನಮ್ ಆದರೆ 6. ಹೊಸ್ತಿಲಿನಿಂದ ಅಳೆದರೆ ಪ್ಲಾಟಿನಮ್ ಚಿನ್ನದ ಮೂರೂವರೆ ಪಟ್ಟು. ಹಿಂದೆ ಚಿನ್ನವೂ ಬೆಳ್ಳಿಯ ಮೂರೂವರೆ ಪಟ್ಟೇ ಇತ್ತು. ಇದು ಕಾಕತಾಳೀಯವೋ ರಚನಕಾರನ ಎಣಿಕೆಯೋ, ಎರಡೂ ಕಡೆ ಅನುಪಾತ ಒಂದೇ ಎಂಬುದನ್ನು ಕಂಡಾಗ ನನಗೆ ಮಗುವಿನಂತೆ ಖುಷಿಯಾಯಿತು.

ಡೊಮಿನಿಯನ್ ಯಶಸ್ಸಿನ ಬೆನ್ನಲ್ಲೇ ಇಂಥ ಆಟಗಳ ಪ್ರವಾಹವೇ ಹರಿಯಿತು. ಹೆಚ್ಚಿನವನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಎರಡನ್ನು ಮಾತ್ರ ಹೇಳಬೇಕು. 2010ರ ‘ಅಸೆನ್ಶನ್’ನಲ್ಲಿ ಅಂಗಡಿಯ ಸಾಲಿನಲ್ಲಿ ಆರೇ ಎಲೆಗಳು, ಒಂದು ಹೋದರೆ ಕಟ್ಟಿನಿಂದ ಇನ್ನೊಂದು ಬಂದು ಕೂರುತ್ತದೆ. ಅಲ್ಲಿ ದುಬಾರಿ ಎಲೆಗೆ ಹಣ ಸಾಲದಿದ್ದರೆ ನಿಮ್ಮ ಸರದಿ ಮತ್ತೆ ಬರುವವರೆಗೆ ಅದು ಇರುತ್ತದೆಂಬ ಭರವಸೆಯಿಲ್ಲ, ಎದುರಾಳಿ ಎತ್ತಿಕೊಂಡಿರಬಹುದು. ಯೋಜನೆಗಿಂತ ಸಿದ್ಧತೆಗೆ ಅಲ್ಲಿ ಹೆಚ್ಚು ಬೆಲೆ. ಎರಡನೆಯದು 2019ರಲ್ಲಿ ಪೂರ್ಣರೂಪದಲ್ಲಿ ಬಂದ ‘ಸ್ಲೇ ದ ಸ್ಪೈರ್’ ಎಂಬ ಕಂಪ್ಯೂಟರ್ ಆಟ. ಸರದಿಗೆ ಶಕ್ತಿ ಸಾಧಾರಣವಾಗಿ 3. ಕೈಗೆ ಬರುವುದು ಇಲ್ಲಿಯೂ 5 ಎಲೆ. ಪ್ರತಿ ಕಾಳಗದ ನಂತರ ಹೊಸ ಎಲೆಯೊಂದನ್ನು ಪುಕ್ಕಟೆಯಾಗಿ ಕೊಡುತ್ತಾರೆ, ಬೇಡವೆನ್ನಲೂಬಹುದು. ವ್ಯಾಪಾರಿಯ ಬಳಿ ಹೋಗಿ ಒಂದು ಎಲೆಯನ್ನು ತೆಗೆಸಿಹಾಕಲು ಮಾತ್ರ 75 ಹೊನ್ನು ತೆರಬೇಕು. ಮುಂದಿನ ಸಲ 100, ಆಮೇಲೆ 125. ಸೇರಿಸುವುದು ಪುಕ್ಕಟೆ, ತೆಗೆಯುವುದು ದುಬಾರಿ! ಚಾಪೆಲಿನ ಎರಡು ನಾಣ್ಯದ ಬೆಲೆ ಎಷ್ಟು ಕಡಿಮೆಯಾಗಿತ್ತೆಂದು ಇದರಿಂದ ಊಹಿಸಬಹುದು.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಮಾಡಿನೋಡಬಹುದು. ಆಟದ ಪೆಟ್ಟಿಗೆ ಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಪ್ರತಿ ವಿದ್ಯಾರ್ಥಿಗೂ ಹತ್ತು ಚೀಟಿ ಕೊಡಿ. ಏಳರ ಮೇಲೆ 1, ಮೂರರ ಮೇಲೆ 0 ಬರೆಸಿ. ಕಲೆಸಿ ಐದನ್ನು ಎಳೆದು ಮೊತ್ತ ಹೇಳಲಿ. 30 ಮಕ್ಕಳಿದ್ದರೆ ಸುಮಾರು ಐವರಿಗೆ ಮೊತ್ತ 5 ಅಥವಾ 2 ಬರಬೇಕು. ಒಮ್ಮೆಗೇ ಹಾಗೆ ಬರುವುದಿಲ್ಲ. ಹತ್ತು ಸಲ ಎಳೆಸಿ, ಎಣಿಕೆಯನ್ನು ಕರಿಹಲಗೆಯ ಮೇಲೆ ಬರೆಯುತ್ತ ಹೋಗಿ. ಆಮೇಲೆ ಎರಡೆರಡು ಬೆಳ್ಳಿ ಸೇರಿಸಿ, 792ರಲ್ಲಿ 168 ಎಂಬ ನನ್ನ ಎಣಿಕೆ ಸರಿಯೇ ಎಂದು ಅವರೇ ಪರೀಕ್ಷಿಸಲಿ.